ಅಗಳಿ ತೆಗೆದ ಮಧ್ಯಾಹ್ನ

ಮೈಯೊಳಗಿನ ಅಂಗಗಳಲ್ಲಿ ಮಿದುಳಿನಷ್ಟು ಮಡಿವಂತ ಅಂಗ ಇನ್ನೊಂದಿಲ್ಲ. ಹೊಟ್ಟೆ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುತ್ತದೆ, ಯಕೃತ್ತು ಊರ ಕಸವನ್ನೆಲ್ಲ ತಾನೇ ಬಾಚುತ್ತದೆ, ಮಿದುಳು ಮಾತ್ರ ಯಾರು ಏನು ಕೊಟ್ಟರೂ ಮುಟ್ಟುವುದಿಲ್ಲ. ಅದಕ್ಕೆ ರಕ್ತ ತರುವ ಸಣ್ಣ ನಾಳಗಳ ಗೋಡೆಯೇ ಬೇರೆ ಥರ. ಅಲ್ಲಿ ಜೀವಕೋಶಗಳು ಒಂದಕ್ಕೊಂದು ಹೊಲಿಗೆ ಹಾಕಿದಂತೆ ಬಿಗಿದುಕೊಂಡಿರುತ್ತವೆ. ಇಷ್ಟು ಸಾಲದು ಅಂತ, ಗೋಡೆಯ ಮೈಯನ್ನೇ ತೂರಿ ಒಳಗೆ ಹೋಗಲು ನೋಡುವ ವಸ್ತುಗಳನ್ನು ಹಿಡಿದು ಮರಳಿ ರಕ್ತಕ್ಕೆ ಎಸೆಯಲು ಸಣ್ಣ ಪಂಪುಗಳೂ ಇವೆ. ವಿಷ ಬಾರದಿರಲಿ ಅಂತ ಪ್ರಕೃತಿ ಮಾಡಿಕೊಂಡ ಏರ್ಪಾಡು, ಸರಿಯೇ. ಆದರೆ ಗೋಡೆಯ ಒಳಗೇ ಗಡ್ಡೆ ಬೆಳೆದರೆ ಏನು ಮಾಡಬೇಕು? ಔಷಧಕ್ಕೂ ಅದೇ ಗೋಡೆ ಅಡ್ಡ, ಅದೇ ಪಂಪು ಅಡ್ಡ.

ಆ ಗೋಡೆಗೊಂದು ಬಾಗಿಲಿದ್ದು, ಬೇಕಾದಾಗ ಅಗಳಿ ತೆಗೆಯುವಂತಿದ್ದರೆ? ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿದ ಪ್ರಯೋಗಾಲಯದಲ್ಲಿ ನೀಲಾಂಬಿಕಾ ಎಂಬ ವಿಜ್ಞಾನಿ ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ತಲೆಗೂದಲು ನೆರೆಯುವವರೆಗೆ ಕೂತಳು. ಕೊನೆಗೆ ಅವಳ ಕೈಗೆ ಸಿಕ್ಕಿದ್ದು ಮರಿ ಆರ್‌ಎನ್‌ಎ. ಜೀವಕೋಶದ ಒಳಗೆ, ಇಂಥ ಪ್ರೋಟೀನು ಕಟ್ಟು ಅಂತ ಹೇಳುವ ಉದ್ದುದ್ದ ಆರ್‌ಎನ್‌ಎ ಸಂದೇಶಗಳು ಓಡಾಡುತ್ತಿರುತ್ತವೆ. ಮರಿ ಆರ್‌ಎನ್‌ಎ ಇಪ್ಪತ್ತು ಚಿಲ್ಲರೆ ಅಕ್ಷರದ ತುಣುಕು, ತಾನಾಗಿ ಏನನ್ನೂ ಕಟ್ಟುವುದಿಲ್ಲ. ತನಗೆ ಹೊಂದುವ ಸಂದೇಶವನ್ನು ಹುಡುಕಿ, ಅಂಟಿಕೊಂಡು, ಅದರ ಬಾಯಿ ಮುಚ್ಚಿಸುತ್ತದೆ. ಹೊಲಿಗೆ ಪ್ರೋಟೀನಿನ ಸಂದೇಶದ ಬಾಯಿ ಮುಚ್ಚಿಸುವ ಒಂದನ್ನು ಅವಳು ಕೊಬ್ಬಿನ ಹನಿಯಲ್ಲಿಟ್ಟು ಮಿದುಳಿನ ನಾಳಗಳಿಗೆ ಕಳಿಸಿದಳು. ಗೋಡೆ ಒಂದೂವರೆ ದಿನ ಸಡಿಲವಾಯಿತು, ಆಮೇಲೆ ತಾನೇ ಬಿಗಿದುಕೊಂಡಿತು. ಔಷಧಕ್ಕೆ ಎಲ್ಲರೂ ಅಗಳಿ ಎಂದು ಹೆಸರಿಟ್ಟರು. ಅನಾಹುತವಾದರೆ ಇರಲಿ ಅಂತ ಬಾಗಿಲನ್ನು ಬೇಗ ಮುಚ್ಚುವ ಇನ್ನೊಂದು ಚುಚ್ಚುಮದ್ದನ್ನೂ ಮಾಡಿಟ್ಟರು, ಅದು ಕೀಲಿ. ಕೀಲಿ ಹಾಕಿದರೆ ಆ ಜೀವಕೋಶಗಳು ಮತ್ತೆ ಒಂದು ವರ್ಷ ಅಗಳಿಯ ಮಾತು ಕೇಳುವುದಿಲ್ಲ.

ಒಂದು ವರ್ಷ ಅನ್ನುವುದು ನೀಲಾಂಬಿಕಾಳ ಅಕ್ಕ ಈರವ್ವನ ಹತ್ತಿರ ಇರಲಿಲ್ಲ. ಅವಳ ತಲೆಯೊಳಗಿನ ಗಡ್ಡೆ ಅಷ್ಟು ಪುರಸೊತ್ತು ಕೊಡುವಂಥದ್ದಲ್ಲ ಎಂದು ಡಾಕ್ಟರುಗಳು ಹೇಳಿಯಾಗಿತ್ತು.

ಈರವ್ವ ಬಸ್ ಕಂಡಕ್ಟರ್ ಆಗಿದ್ದವಳು. ಈಗ ಬಸ್ಸುಗಳಲ್ಲಿ ಕಂಡಕ್ಟರ್ ಎಂಬುವವರೇ ಇಲ್ಲ, ಬಾಗಿಲಲ್ಲಿರುವ ಯಂತ್ರವೇ ಟಿಕೇಟು ಕೊಡುತ್ತದೆ. ರೈಟ್ ಅನ್ನುವವರಿಲ್ಲದೆ ಬಸ್ಸು ತಾನೇ ಹೊರಡುತ್ತದೆ. ಇವಳು ಆ ಕೆಲಸದ ಕೊನೆಯ ತಂಡದವಳು. ರೋಣದಿಂದ ಸೊಲ್ಲಾಪುರದವರೆಗೆ ದಿನವಿಡೀ ನಿಂತು ತಿರುಗಿದವಳು. ತಾಯಿ ಹೋದ ಮೇಲೆ ತಂಗಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಓದಿಸಿದಳು. ನೀಲಾಂಬಿಕಾಗೆ ರಸಾಯನಶಾಸ್ತ್ರ ತಲೆಗೆ ಹತ್ತಿದ್ದು ಡೀಸೆಲ್ ವಾಸನೆಯಲ್ಲಿ. ಹಾಗಾಗಿ ಅಕ್ಕನೆದುರು ಅವಳಿಗೆ ಈಗಲೂ ದೊಡ್ಡ ವಿಜ್ಞಾನಿ ಅನ್ನಿಸಿಕೊಳ್ಳಲು ಆಗುತ್ತಿರಲಿಲ್ಲ.

ಅಗಳಿ ಹೇಗೆ ಕೆಲಸ ಮಾಡುತ್ತದೆಂದು ಮೊದಲ ಸಲ ವಿವರಿಸಿದಾಗ ಈರವ್ವ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದಳು.

"ಅಂದ್ರ ನನ್ನ ತಲ್ಯಾಗೂ ಒಬ್ಬ ಕಂಡಕ್ಟರ್ ಅದಾನ. ಟಿಕೇಟಿಲ್ಲದವರನ್ನ ನಡು ದಾರ್ಯಾಗ ಇಳಸ್ತಾನ."

"ಹೂಂ. ಆ ಪಂಪು ಅಂದ್ನಲ್ಲ, ಅದ ಅವ."

"ನೀ ಅವಗ ನಿದ್ದಿ ಬರಸ್ತಿ."

"ಈ ಸಲ ಬರಸ್ತೀನಿ. ಮೊದಲಿನ ಎರಡು ಸಲ ಬರೇ ಹೊಲಿಗಿ ಬಿಚ್ಚಿದ್ವಿ. ಔಷಧ ಒಳಗ ಹೋಗೂದಕ್ಕ ಅವ ಮತ್ತ ಹೊರಗ ಒಗದ. ಗಡ್ಡಿ ಕರಗಲಿಲ್ಲ. ಈ ಸಲ ಅವನ ಬಾಯಿ ಮುಚ್ಚಸೋ ಇನ್ನೊಂದು ಮರಿ ಆರ್‌ಎನ್‌ಎ ಕೂಡಸೇವಿ."

ಈರವ್ವ ಎಲೆ ಅಡಿಕೆಯನ್ನು ಕೆನ್ನೆಯ ಒಂದು ಬದಿಗೆ ಸರಿಸಿದಳು. "ಕಂಡಕ್ಟರ್ ಮಲಗಿದ್ರ ಬಸ್ಸಿನ ತುಂಬ ಬಿಟ್ಟಿ ಮಂದಿ ಹತ್ತತಾರ, ತಂಗಿ. ನೆನಪಿರಲಿ," ಅಂದಳು. ನೀಲಾಂಬಿಕಾ ನಕ್ಕಳು. ಅದಕ್ಕೇ ಅಲ್ಲವೇ, ಆ ಒಂದೂವರೆ ದಿನ ಬೇರೆ ಯಾವ ಔಷಧವನ್ನೂ ಮುಟ್ಟಬಾರದು ಅಂತ ಅವಳೇ ನಿಯಮ ಬರೆದದ್ದು. ಹೊಸ ಅಗಳಿ ಕೊಡುವ ಮೊದಲು ಪ್ರತಿ ರೋಗಿಗೂ ಕೇಳುವ ಪ್ರಶ್ನೆ ಅವಳದೇ ಮಾತಿನಲ್ಲಿತ್ತು: ನೀವು ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ? ಈರವ್ವ ಇಲ್ಲ ಅಂದಿದ್ದಳು, ನಿಜವೇ ಹೇಳಿದೆನೆಂದು ಅವಳೂ ತಿಳಿದಿದ್ದಳು.

ಸ್ವಂತ ಅಕ್ಕನಾದ್ದರಿಂದ ಚಿಕಿತ್ಸೆಯಲ್ಲಿ ನೀಲಾಂಬಿಕಾ ಕೈ ಹಾಕುವಂತಿರಲಿಲ್ಲ. ಅದೆಲ್ಲ ನರರೋಗ ತಜ್ಞ ನದಾಫ್ ಅವರ ಪಾಲಿಗೆ. ನಿಗಾ ಕೋಣೆಯಲ್ಲಿ ಒಂದು ಕುರ್ಚಿಯಲ್ಲಿ ಕೂತು ನೋಡಬಹುದು, ಅಷ್ಟೇ.

ಹಿಂದಿನ ಸಂಜೆ ಅಗಳಿ ಕೊಟ್ಟಾಗಿತ್ತು. ಬೆಳಿಗ್ಗೆ ಗಡ್ಡೆಯ ಔಷಧವನ್ನೂ ಹನಿಹನಿಯಾಗಿ ಏರಿಸಿ, ಈರವ್ವನನ್ನು ಧಾರವಾಡಕ್ಕೆ ಕಳಿಸಿದ್ದರು. ಬಾಗಿಲು ತೆಗೆದ ಮಿದುಳನ್ನು ಹತ್ತಾರು ಸೋಂಕಿರುವ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದಕ್ಕಿಂತ ಮನೆಯೇ ಮೇಲು ಎಂಬುದು ಮೊದಲಿನಿಂದಲೂ ಬಂದ ಪದ್ಧತಿ. ಬೆರಳಿಗೆ ಉಂಗುರದಂಥ ಯಂತ್ರ ಹಾಕಿದ್ದರು. ಅದು ಉಸಿರು, ನಾಡಿ, ರಕ್ತದ ಆಮ್ಲಜನಕ ಎಲ್ಲವನ್ನೂ ಹುಬ್ಬಳ್ಳಿಯ ಪರದೆಗೆ ಕಳಿಸುತ್ತಿತ್ತು. ಮನೆಯೆಂದರೆ ಮಾಳಮಡ್ಡಿಯಲ್ಲಿರುವ ನೀಲಾಂಬಿಕಾಳ ಗಂಡನ ಮನೆ. ಗಂಡ ಊರಲ್ಲಿರಲಿಲ್ಲ. ಅತ್ತೆ ಚನ್ನಬಸವ್ವ ಬೀಗತಿಯ ಉಪಚಾರಕ್ಕೆ ಬೆಳಗಿನಿಂದಲೇ ಸೆರಗು ಸಿಕ್ಕಿಸಿ ನಿಂತಿದ್ದರು. ಮಾವ ದಿನದಂತೆ ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಬಿಚ್ಚಿಕೊಂಡು ಕೂತಿದ್ದರು. ಅವರು ಅಲ್ಲಿಂದ ಏಳುವುದು ಊಟಕ್ಕೆ ಮಾತ್ರ.

"ಇಲ್ಲಿ ಆರಾಮ ಇರು ಅಕ್ಕ. ಏನು ಬೇಕಾದ್ರೂ ಅತ್ತಿಗೆ ಕೇಳು," ಎಂದು ನೀಲಾಂಬಿಕಾ ಹೊರಡುವಾಗ ಹೇಳಿದ್ದಳು.

"ನನಗೇನ್ ಬೇಕವ್ವ. ನೀ ಹೋಗು, ನಿನ್ನ ಟಿವಿ ನೋಡ್ಕೋತ ಕೂಡು," ಎಂದು ಈರವ್ವ ಅವಳನ್ನು ಬಾಗಿಲಿಗೆ ದಬ್ಬಿದ್ದಳು.

ಊಟದ ಹೊತ್ತು ಕಳೆದು ಸ್ವಲ್ಪ ಆಗಿತ್ತು. ನಿಗಾ ಕೋಣೆಯ ಪರದೆಯ ಮೇಲೆ ಈರವ್ವನ ಉಸಿರಿನ ಗೆರೆ ಏಳುತ್ತ ಇಳಿಯುತ್ತ ಇತ್ತು. ನಿಮಿಷಕ್ಕೆ ಹದಿನೈದು. ಆಮೇಲೆ ಹನ್ನೆರಡಾಯಿತು. ನಿದ್ದೆ ಹತ್ತಿರಬೇಕು ಅಂದುಕೊಂಡು ನೀಲಾಂಬಿಕಾ ಡಬ್ಬಿ ಬಿಚ್ಚಿದಳು. ರೊಟ್ಟಿ ಮುರಿದು ಬಾಯಿಗಿಡುವುದರೊಳಗೆ ಹತ್ತು. ಅವಳು ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು.

"ಸರ್, ಸ್ವಲ್ಪ ಇಲ್ಲಿ ನೋಡ್ರಿ."

ನದಾಫ್ ಬಂದು ಕನ್ನಡಕ ಏರಿಸಿ ನೋಡಿದರು. ದಪ್ಪ ಮೈಯ, ನಿಧಾನದ ಮನುಷ್ಯ. ಅವರು ಅವಸರ ಮಾಡಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಪರದೆಯ ಮೇಲೆ ಒಂಬತ್ತು ಬಂದಾಗ ಅವರೂ ಕುರ್ಚಿ ಎಳೆದುಕೊಂಡರು.

"ಮನಿಗೆ ಫೋನ್ ಹಚ್ರಿ ಮೇಡಂ. ಮಖ ಕಾಣೂ ಹಂಗ ಹಚ್ರಿ."

ಫೋನಿನಲ್ಲಿ ಮೊದಲು ಚನ್ನಬಸವ್ವನ ಕಿವಿ ಕಂಡಿತು, ಆಮೇಲೆ ಮುಖ.

"ಅತ್ತೀ, ಅಕ್ಕ ಏನ್ ಮಾಡಾಕ ಹತ್ತಾಳ್ರಿ?"

"ಮಲಗ್ಯಾಳವ್ವ. ಏನ್ ನಿದ್ದಿ ಅಂತಿ, ಗೊರಕಿ ಸೈತ ಹೊಡದ್ಲು. ಪಾಪ, ದಣದಿದ್ಲು."

"ಎಬ್ಬಸ್ರಿ."

"ಮಲಗಲಿ ಬಿಡ, ಯಾಕ..."

"ಅತ್ತೀ, ಕೈ ಮುಗೀತೀನಿ, ಎಬ್ಬಸ್ರಿ."

ಸೊಸೆ ಎಂದೂ ಹಾಗೆ ಮಾತಾಡಿದವಳಲ್ಲ. ಚನ್ನಬಸವ್ವ ಒಳಕೋಣೆಗೆ ಓಡಿದರು. ಭುಜ ಅಲುಗಿಸಿದರು, ಕೂಗಿದರು, ಕೆನ್ನೆ ತಟ್ಟಿದರು. ಈರವ್ವ ಹೂಂ ಅಂದಳು, ಮತ್ತೆ ಅಲ್ಲೇ ಮುಳುಗಿದಳು. ಅವಳ ತುಟಿ ಕಪ್ಪಡರುತ್ತಿದ್ದುದು ಆ ಸಣ್ಣ ಪರದೆಯಲ್ಲೂ ಕಾಣುತ್ತಿತ್ತು.

ನಿಗಾ ಕೋಣೆಯ ಗಂಟೆ ಹೊಡೆಯಿತು. ಉಸಿರು ಎಂಟಕ್ಕಿಂತ ಕೆಳಗಿಳಿದರೆ ಯಂತ್ರ ಯಾರನ್ನೂ ಕೇಳುವುದಿಲ್ಲ. ಧಾರವಾಡದಲ್ಲಿ ನಿಂತಿರುವ ಆಂಬುಲೆನ್ಸಿಗೆ ತಾನೇ ಆದೇಶ ಕಳಿಸುತ್ತದೆ: ರೋಗಿಯ ಮನೆಗೆ ಹೋಗಿ ಕೀಲಿ ಹಾಕಿ. ಆ ನಿಯಮವನ್ನು ಬರೆದವಳೂ ನೀಲಾಂಬಿಕಾಳೇ. ಗಾಡಿಯಲ್ಲಿದ್ದ ಸಿಸ್ಟರ್ ಫಿಲೋಮಿನಾ, ಹೊರಟೆವು, ಕೀಲಿಯ ಸಿರಿಂಜು ತುಂಬಿಕೊಳ್ಳುತ್ತಿದ್ದೇನೆ ಎಂದು ಸ್ಪೀಕರಿನಲ್ಲಿ ತಿಳಿಸಿದಳು.

"ಕೀಲಿ ಹಾಕಿದ್ರ ಅಕ್ಕನ ಕಥಿ ಮುಗೀತು ಸರ್," ಎಂದಳು ನೀಲಾಂಬಿಕಾ.

"ಹಾಕ್ಲಿಲ್ಲಂದ್ರ ಇವತ್ತ ಮುಗೀತದ. ನಿಮ್ಮ ಹೊಸಾ ಆರ್‌ಎನ್‌ಎ ಉಸಿರಿನ ಕೇಂದ್ರದಾಗ ಏನರ ಹಿಚುಕಿರಬೇಕು." ನದಾಫ್ ಮಾತಿನಲ್ಲಿ ಸಿಟ್ಟಿರಲಿಲ್ಲ. "ಅಮ್ಮಾರ, ಆಕಿ ಕಣ್ಣು ತಗದು ತೋರಸ್ರಿ. ರೆಪ್ಪಿ ಎತ್ರಿ."

ಚನ್ನಬಸವ್ವ ಬೆರಳಿನಿಂದ ರೆಪ್ಪೆ ಎತ್ತಿ ಫೋನನ್ನು ಹತ್ತಿರ ಹಿಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಕ್ಕೆ ಕುಗ್ಗಿತ್ತು. ನದಾಫ್ ಫೋನಿನ ಹತ್ತಿರಕ್ಕೆ ಬಾಗಿದರು.

"ಇದು ಅಫೀಮಿನ ಕಣ್ಣು," ಅಂದರು.

"ಅಫೀಮು? ನಮ್ಮ ಮನ್ಯಾಗ?" ಚನ್ನಬಸವ್ವನ ಧ್ವನಿ ಸಣ್ಣಗಾಯಿತು. ಆಮೇಲೆ ಅವರಿಗೇ ಏನೋ ಹೊಳೆಯಿತು. "ಯವ್ವ, ನಾ ಗಸಗಸಿ ಪಾಯಸ ಮಾಡಿದ್ದೆ. ಬೀಗತಿ ಬಂದಾಳಂತ ಒತ್ತಾಯ ಮಾಡಿ ಎರಡು ವಾಟಗಾ ಕುಡಿಸಿದೆ. ನನ್ನ ಕೈಯಾರ ವಿಷ ಹಾಕಿದ್ನೇನು?"

"ಅಲ್ರಿ ಅಮ್ಮಾರ. ನೀವು ಹಂಡೆಗಟ್ಟಲೆ ಕುಡಿಸಿದ್ರೂ ಇಷ್ಟ ಆಗೂದಿಲ್ಲ. ಅಳಬ್ಯಾಡ್ರಿ, ನಿಮ್ಮಿಂದ ಈಗ ಕೆಲಸ ಅದ." ನದಾಫ್ ಪರದೆಯತ್ತ ಕಣ್ಣು ಹಾಯಿಸಿದರು. ಆರು. "ಈ ಅಮಲಿನಾಗ ಮನಿಷ್ಯಾ ಉಸಿರು ತಗೊಳ್ಳೂದ ಮರೀತಾನ. ಹೇಳಿದ್ರ ತಗೋತಾನ. ಗಾಡಿ ಬರೂತನಕ ಬಿಡದ ಹೇಳ್ರಿ."

"ಈರವ್ವ, ಉಸಿರಾಡವ್ವ. ಏ ಈರವ್ವ, ಉಸಿರು ತಗೋ." ಚನ್ನಬಸವ್ವ ಕೂಗಿದರು, ಬೇಡಿಕೊಂಡರು. ಗೆರೆ ಏಳಲಿಲ್ಲ.

ನೀಲಾಂಬಿಕಾ ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು. ಯಾಕೆ ಹಾಗೆ ಅಂದಳೋ ಆಮೇಲೂ ಅವಳಿಗೆ ಹೇಳಲು ಬರಲಿಲ್ಲ. ಎಂಟು ವರ್ಷದ ಹುಡುಗಿಯಾಗಿ ಹಿಂದಿನ ಸೀಟಿನಿಂದ ಕೂಗುತ್ತಿದ್ದ ಹಾಗೆಯೇ ಗಂಟಲು ಬಿಟ್ಟು ಕೂಗಿದಳು.

"ರೈಟ್!"

ಈರವ್ವನ ಎದೆ ಏರಿತು. ಪರದೆಯ ಮೇಲೆ ಗೆರೆ ಎದ್ದಿತು, ಇಳಿಯಿತು.

"ರೈಟ್!"

ಮತ್ತೆ ಏರಿತು. ಇಪ್ಪತ್ತೆರಡು ವರ್ಷ ಆ ಒಂದು ಮಾತಿಗೆ ಕಟ್ಟುಬಿದ್ದ ಮೈ ಅದು. ತಲೆ ಮಲಗಿದ್ದರೂ ಮೈ ಡ್ಯೂಟಿ ಬಿಟ್ಟಿರಲಿಲ್ಲ.

"ಅತ್ತೀ, ಹಿಂಗ ಅನ್ರಿ. ಉಸಿರು ನಿಂತಾಗೊಮ್ಮೆ ಅನ್ರಿ. ಜೋರಾಗಿ."

"ರೈಟ್," ಎಂದರು ಚನ್ನಬಸವ್ವ, ಜೀವಮಾನದಲ್ಲಿ ಮೊದಲ ಸಲ. ಎರಡನೆಯದಕ್ಕೆ ಅವರ ಗಂಟಲು ತೆರೆಯಿತು. ಪಡಸಾಲೆಯಲ್ಲಿದ್ದ ಮಾವನೂ ಪೇಪರ್ ಬಿಟ್ಟು ಬಾಗಿಲಲ್ಲಿ ಬಂದು ನಿಂತದ್ದು ಫೋನಿನಲ್ಲಿ ಕಂಡಿತು.

ಉಸಿರು ಏಳಕ್ಕೆ ಬಂದು ನಿಂತಿತು. ಅಷ್ಟರಲ್ಲಿ ಗಾಡಿ ಎಲ್ಲಿದೆ ಅಂತ ಕೇಳಿದರೆ, ರೈಲ್ವೆ ಗೇಟು ಹಾಕಿದೆ, ಗೂಡ್ಸು ಹೋಗುತ್ತಿದೆ ಅಂದಳು ಫಿಲೋಮಿನಾ. ನೀಲಾಂಬಿಕಾಗೆ ಅಲ್ಲಿ ಕೂರಲಾಗಲಿಲ್ಲ. ತಾನೇ ಧಾರವಾಡಕ್ಕೆ ಓಡಬೇಕು ಅನ್ನಿಸಿ, ಕಾರಿನ ಕೀಲಿಕೈಗಾಗಿ ಪರ್ಸಿಗೆ ಕೈ ಹಾಕಿದಳು. ಬಾಚಣಿಗೆ, ಕರವಸ್ತ್ರ, ಪಿನ್ನು, ಅವುಗಳ ನಡುವೆ ಬೆರಳಿಗೆ ಒಂದು ಗುಳಿಗೆ ಪಟ್ಟಿ ತಾಗಿತು. ಸರಿಸಿ ಮುಂದೆ ಹುಡುಕಿದಳು. ಆಮೇಲೆ ಕೈ ತಾನೇ ನಿಂತಿತು.

ಪಟ್ಟಿಯನ್ನು ಹೊರಗೆ ತೆಗೆದಳು. ಭೇದಿ ನಿಲ್ಲಿಸುವ ಗುಳಿಗೆ. ಯಾವ ಅಂಗಡಿಯಲ್ಲೂ ಚೀಟಿಯಿಲ್ಲದೆ ಕೊಡುವಂಥದ್ದು. ಮುಂದಿನ ವಾರ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದಿತ್ತು. ದಾರಿಯಲ್ಲಿ ಗಲೀಜು ಪಾಯಖಾನೆಗಳ ಉಸಾಬರಿ ಬೇಡ ಅಂತ ತೆಗೆದಿಟ್ಟುಕೊಂಡಿದ್ದಳು. ಬಸ್ಸು ಹತ್ತುವ ಮುಂಚೆ ಒಂದು. ಚಿಕ್ಕಂದಿನಿಂದ ಬಂದ ರೂಢಿ. ಪರೀಕ್ಷೆಗೆ ಹೊರಟ ದಿನ ಅಕ್ಕ ತನ್ನ ತೊಗಲು ಚೀಲದಿಂದ ತೆಗೆದು ಅರ್ಧ ಮುರಿದು ಕೊಡುತ್ತಿದ್ದಳು. 'ನುಂಗು. ಹೆಣ್ಣಮಕ್ಕಳ ಸಲುವಾಗಿ ಬಸ್ಸೇನು ನಿಲ್ಲೂದಿಲ್ಲ.' ನೀಲಾಂಬಿಕಾ ಅದನ್ನು ಔಷಧ ಅಂತ ಒಂದು ದಿನವೂ ಎಣಿಸಿರಲಿಲ್ಲ. ಯಾರಾದರೂ ಅವಳನ್ನೇ ನಿಲ್ಲಿಸಿ, ನೀವು ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದರೆ ಅವಳೂ ಇಲ್ಲ ಅಂತಲೇ ಹೇಳುತ್ತಿದ್ದಳು.

ಮತ್ತು ಅವಳಿಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ಆ ಗುಳಿಗೆ ಅಫೀಮಿನ ಕುಲದ್ದೇ ಎಂದು. ಅದು ಕರುಳನ್ನು ಮಾತ್ರ ಮಂಕಾಗಿಸುತ್ತದೆ, ತಲೆಗೆ ಏರುವುದಿಲ್ಲ. ಯಾಕೆಂದರೆ ಮಿದುಳಿನ ಗೋಡೆಯ ಪಂಪುಗಳು ಅದನ್ನು ಕಂಡಕಂಡಲ್ಲಿ ಹಿಡಿದು ಹೊರಗೆ ಎಸೆಯುತ್ತವೆ. ಆ ಪಂಪುಗಳ ಬಾಯಿಯನ್ನು ನಿನ್ನೆ ಸಂಜೆ ಅವಳ ಹೊಸ ಅಗಳಿಯೇ ಮುಚ್ಚಿಸಿತ್ತು.

"ಸರ್, ಇದು," ಎಂದು ಪಟ್ಟಿಯನ್ನು ನದಾಫ್ ಮುಂದಿಟ್ಟಳು.

ಅವರು ಹೆಸರು ಓದಿದರು. ಮುಖದ ಬಣ್ಣ ಬದಲಾಯಿತು. "ತಗೊಂಡಾಳ ಅಂತ ಗೊತ್ತೇನು?"

"ಗೊತ್ತಿಲ್ಲ. ಆದ್ರ ತಗೊಂಡಾಳ."

"ಮೇಡಂ, ನಾಳೆ ಆಸ್ಪತ್ರಿ ಕಮಿಟಿ ಮುಂದ ನಿಂತು, ಅವರ ತಂಗಿ ಪರ್ಸಿನಾಗ ಗುಳಿಗಿ ಸಿಕ್ತು ಅದಕ್ಕ ಕೀಲಿ ಹಾಕಲಿಲ್ಲ ಅಂತ ಹೇಳ್ಲೇನು ನಾನು?"

ನೀಲಾಂಬಿಕಾ ಫೋನಿಗೆ ಬಾಗಿದಳು. "ಅತ್ತೀ, ಅಕ್ಕನ ತೊಗಲು ಚೀಲ ಎಲ್ಲೈತ್ರಿ? ಹಳೇದು, ಕಂಡಕ್ಟರ್ ಚೀಲ."

"ರೈಟ್... ಇಲ್ಲೇ ದಿಂಬಿನ ಬುಡಕ ಐತಿ. ರೈಟ್."

"ಮಾವಾರ ಕೈಯಾಗ ಕೊಡ್ರಿ. ಮಾವಾರ, ಚಿಲ್ರೆ ಇಡೋ ಸಣ್ಣ ಖಾನೆ ಇರ್ತದ, ಅದನ್ನ ತಗದು ನೋಡ್ರಿ."

ಎಂದೂ ಹೆಂಗಸರ ಚೀಲ ಮುಟ್ಟದ ಮನುಷ್ಯ ಗಡಬಡಿಸಿ ಗುಂಡಿ ಬಿಚ್ಚಿದರು. ನಾಣ್ಯಗಳ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಖಾನೆಯೊಳಗೆ ಒಂದು ಗುಳಿಗೆ ಪಟ್ಟಿ ಮಾತ್ರ ಇತ್ತು. ಅವರು ಅದನ್ನು ಫೋನಿನ ಮುಂದೆ ಹಿಡಿದರು. ಅದೇ ಗುಳಿಗೆ, ನಾಲ್ಕು ಗೂಡು ಖಾಲಿ.

ಆ ಕ್ಷಣಕ್ಕೆ ಫಿಲೋಮಿನಾಳ ಧ್ವನಿ ಬಂತು. ಗೇಟು ತೆಗೆಯಿತು, ಓಣಿಯೊಳಗೆ ಬಂದೆವು, ಕೀಲಿ ತಯಾರಿದೆ.

ನದಾಫ್ ಪಟ್ಟಿ ನೋಡಿದರು, ಪರದೆ ನೋಡಿದರು. "ಅಫೀಮಿನ ಅಮಲಿಗೆ ಇಳಿಮದ್ದು ಗಾಡ್ಯಾಗ ಅದ. ಅದನ್ನೂ ಕೊಡೂಣು, ಕೀಲೀನೂ ಹಾಕೂಣು. ಎರಡೂ ಆಗಲಿ."

"ಬ್ಯಾಡ್ರಿ ಸರ್. ಕೀಲಿ ಹಾಕಿದ್ರ ಹೊಲಿಗಿ ಒಂದೆರಡು ತಾಸಿನಾಗ ಬಿಗೀತದ. ಪಂಪು ಎದ್ದೇಳಾಕ ಒಂದು ದಿನ ಬೇಕು. ಒಳಗ ಹೊಕ್ಕ ಗುಳಿಗಿ ಒಳಗೇ ಉಳೀತದ, ಹೊರಗ ಹಾಕಾಕ ಯಾರೂ ಇರೂದಿಲ್ಲ. ಇಳಿಮದ್ದಿನ ಜೋರು ತಾಸು ಗಳಿಗಿ ಅಷ್ಟ. ಅದು ಇಳಿದ ಮ್ಯಾಲೆ ಬಾಗ್ಲಾ ಮುಚ್ಚಿದ ಮನ್ಯಾಗ ಕೂಡಿಹಾಕಿದಂಗ ಆಗ್ತದ."

"ನೀವು ಹೇಳೂದು ತಪ್ಪಾದ್ರ?"

"ತಪ್ಪಾದ್ರ ಇಳಿಮದ್ದಿಗೆ ಆಕಿ ಏಳೂದಿಲ್ಲ. ಆವಾಗ ಕೀಲಿ ಹಾಕ್ರಿ. ನಾ ಅಡ್ಡ ಬರೂದಿಲ್ಲ."

ತಂಗಿಯಾಗಿ ಹೇಳುತ್ತಿದ್ದಾಳೋ, ವಿಜ್ಞಾನಿಯಾಗಿ ಹೇಳುತ್ತಿದ್ದಾಳೋ ಎಂಬ ಅನುಮಾನ ನದಾಫ್ ಅವರ ಕಣ್ಣಿನಲ್ಲಿ ಕಂಡಿತು. ಅವಳಿಗೂ ಅದು ಸ್ಪಷ್ಟವಿರಲಿಲ್ಲ. ಅಕ್ಕ ಇಲ್ಲೇ ಸತ್ತರೆ ತನ್ನ ಬಾಯಿಂದ ಬಂದ ಮಾತಿನಿಂದ ಸತ್ತ ಹಾಗೆ ಆಗುತ್ತದೆ ಎಂಬುದೊಂದೇ ಸ್ಪಷ್ಟವಿತ್ತು.

ನದಾಫ್ ಯಂತ್ರದ ಆದೇಶವನ್ನು ತಡೆಯುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು. ಅದು ಅವರ ಹೆಸರನ್ನು ಎರಡು ಸಲ ಕೇಳಿತು, ಎರಡು ಸಲವೂ ಹೇಳಿದರು. "ಸಿಸ್ಟರ್, ಕೀಲಿ ಕೆಳಗಿಡ್ರಿ. ಇಳಿಮದ್ದು ತಗೋರಿ, ನಾಲಾಕ್ಸೋನ್. ನನ್ನ ಜವಾಬ್ದಾರಿ."

ಫೋನಿನಲ್ಲಿ ಬಾಗಿಲು ಬಡಿದ ಸದ್ದು, ಬೂಟಿನ ಸದ್ದು. ಫಿಲೋಮಿನಾಳ ಬೆನ್ನು ಪರದೆಯನ್ನೆಲ್ಲ ತುಂಬಿತು. ಅವಳ ಹಿಂದಿನಿಂದ ಚನ್ನಬಸವ್ವನ ಒಡೆದ ಧ್ವನಿ ಬಿಡದೆ ಕೇಳುತ್ತಿತ್ತು. ರೈಟ್. ರೈಟ್. ಸೂಜಿ ಹೋಯಿತು.

ಗೆರೆ ಏಳಲಿಲ್ಲ. ಚನ್ನಬಸವ್ವ ಕೂಗಿದಾಗ ಒಮ್ಮೆ ಎದ್ದು ಮತ್ತೆ ಮಲಗಿತು. ಐದು. ನದಾಫ್ ಅವರ ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು. ನೀಲಾಂಬಿಕಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಕೀಲಿ ಹಾಕಿ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಇನ್ನೊಂದು ಕೊಡ್ರಿ ಸಿಸ್ಟರ್," ಎಂದರು ನದಾಫ್.

ಎರಡನೆಯದು ಹೋಯಿತು. ಚನ್ನಬಸವ್ವ ರೈಟ್ ಅಂದರು. ಎದೆ ಏರಿತು. ಅವರು ಮುಂದಿನದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಯಾರೂ ಹೇಳದೆ, ಎದೆ ತಾನೇ ಇನ್ನೊಮ್ಮೆ ಏರಿತು. ಆಮೇಲೆ ಮತ್ತೊಮ್ಮೆ ಏರಿತು. ಎಂಟು. ಹನ್ನೊಂದು. ಈರವ್ವ ದೊಡ್ಡದೊಂದು ಉಸಿರು ಎಳೆದು, ಕೆಮ್ಮಿ, ಕಣ್ಣು ಬಿಟ್ಟಳು. ಮೇಲೆ ಬಾಗಿದ್ದ ಬೀಗತಿಯನ್ನು, ಬಾಗಿಲಲ್ಲಿ ತನ್ನ ಚೀಲ ಹಿಡಿದು ನಿಂತ ಗಂಡಸನ್ನು, ಸೂಜಿ ಹಿಡಿದ ನರ್ಸನ್ನು ಒಂದೊಂದಾಗಿ ನೋಡಿದಳು.

"ಯಾಕ ಒದರಾಕ ಹತ್ತೀರಿ?" ಅಂದಳು. "ಬಸ್ ಎಲ್ಲಿಗೆ ಬಂತು?"

ಚನ್ನಬಸವ್ವ ಮಂಚದ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಇತ್ತ ಹುಬ್ಬಳ್ಳಿಯಲ್ಲಿ ನೀಲಾಂಬಿಕಾಳೂ ಅತ್ತಳು, ಎಲ್ಲರೆದುರಿಗೆ, ಮುಖ ಮುಚ್ಚಿಕೊಳ್ಳದೆ. ನದಾಫ್ ಅವಳ ಡಬ್ಬಿಯಿಂದ ಒಂದು ರೊಟ್ಟಿ ತೆಗೆದು ಬರಿದೇ ಜಗಿಯತೊಡಗಿದರು.

ಇಳಿಮದ್ದು ಬೇಗ ಇಳಿಯುತ್ತದೆ, ಗುಳಿಗೆಯ ಅಮಲು ಅಷ್ಟು ಬೇಗ ಇಳಿಯುವುದಿಲ್ಲ. ಈರವ್ವನನ್ನು ಆಸ್ಪತ್ರೆಗೆ ತಂದು, ಬಾಗಿಲು ತಾನೇ ಮುಚ್ಚಿಕೊಂಡು ಪಂಪುಗಳು ಎದ್ದೇಳುವವರೆಗೆ ಹನಿಹನಿಯಾಗಿ ಇಳಿಮದ್ದು ಏರಿಸುತ್ತಲೇ ಇದ್ದರು. ನೀಲಾಂಬಿಕಾ ಪಕ್ಕದಿಂದ ಏಳಲಿಲ್ಲ. ಮರುದಿನ ಅಕ್ಕ ಎದ್ದು ಕೂತು ಚಹಾ ಕೇಳಿದ ಮೇಲೆಯೇ ಅವಳಿಗೆ ಸಿಟ್ಟು ಬಂದದ್ದು.

"ಹೊಟ್ಟಿ ಕೆಟ್ಟೈತಿ ಅಂತ ಒಂದು ಮಾತು ಹೇಳಾಕ ಏನಾಗಿತ್ತು ನಿನಗ?"

"ಯಾರಿಗೆ ಹೇಳ್ಲಿ? ನಿಮ್ಮ ಮಾವನಿಗೆ ಹೇಳ್ಲೇನು?" ಈರವ್ವ ಅತ್ತ ತಿರುಗಿಕೊಂಡಳು. "ಆ ಗಡ್ಡಿ ಔಷಧ ಇಳಿಸಿದಾಗೊಮ್ಮೆ ಹೊಟ್ಟಿ ಹಿಂಗ ಆಗ್ತದ. ಪಾಯಖಾನಿ ಅವರ ಕುರ್ಚಿ ಬಾಜೂಕ. ಬೀಗರ ಮನ್ಯಾಗ, ಗಂಡಸು ಮನಿಷ್ಯಾ ಪೇಪರ್ ಓದ್ಕೋತ ಕುಂತಿದ್ರ, ಅವರ ಮುಂದ ಹಾದು ಎಷ್ಟ ಸಲ ಹೋಗ್ಲಿ? ಹೋದ ಎರಡು ಸಲಾನೂ ಹಂಗ ನುಂಗಿದ್ದೆ. ಏನೂ ಆಗಿದ್ದಿಲ್ಲ."

ಹೋದ ಎರಡು ಸಲ ಕಂಡಕ್ಟರ್ ಎಚ್ಚರವಾಗಿದ್ದ. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ತಾನೂ ಆ ಕುರ್ಚಿಯ ಮುಂದೆ ಹಾಯಲಾರದೆ ಹೊಟ್ಟೆ ಹಿಡಿದು ಕೂತದ್ದು ನೀಲಾಂಬಿಕಾಗೆ ನೆನಪಾಯಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ನದಾಫ್ ಹೊಸ ಚಿತ್ರಗಳನ್ನು ಹಿಡಿದುಕೊಂಡು ಬಂದರು. ಈ ಸಲ ಔಷಧ ಗಡ್ಡೆಯ ನಡುವಿನವರೆಗೆ ಹೊಕ್ಕಿದೆ, ಹೊಕ್ಕಿದ್ದು ಅಲ್ಲೇ ನಿಂತಿದೆ. ಇನ್ನೂ ನಾಲ್ಕು ಸಲ ಕೊಡಬೇಕು, ಕೊಡಬಹುದು ಅಂದರು. ಈರವ್ವ ಕೇಳಿ ತಲೆಯಾಡಿಸಿದಳು. ಆಮೇಲೆ ಆಚೆ ಗೋಡೆಯತ್ತ ನೋಡಿ, "ಆ ಕಡೆ ಯಾರ್ ಅದಾರ?" ಎಂದು ಕೇಳಿದಳು.

"ಹೊಸ ಅಗಳಿಗೆ ಬಂದವರು. ಆರು ಮಂದಿ, ಎಲ್ಲಾ ಹೆಣ್ಣಮಕ್ಕಳು. ಪ್ರಶ್ನೆ ಕೇಳೇವಿ, ಯಾರೂ ಯಾವ ಔಷಧಾನೂ ತಗೊಳ್ಳೂದಿಲ್ಲ ಅಂದಾರ." ಮಾತು ಬಾಯಿಂದ ಹೊರಬಿದ್ದ ಮೇಲೆ ನೀಲಾಂಬಿಕಾಗೆ ತಾನೇನು ಹೇಳಿದೆನೆಂದು ಹೊಳೆಯಿತು.

ಈರವ್ವ ತಂಗಿಯ ಮುಖವನ್ನು ನೋಡಿ, ಕಾಲು ಕೆಳಗೆ ಬಿಟ್ಟಳು. "ಗಾಲಿ ಕುರ್ಚಿ ತಗೊಂಡು ಬಾ. ಡಾಕ್ಟ್ರ, ನೀವು ಸ್ವಲ್ಪ ಹೊರಗ ನಿಂದರ್ರಿ. ಗಂಡಸರು ಬ್ಯಾಡ."

ಪಕ್ಕದ ವಾರ್ಡಿನಲ್ಲಿ ಆರು ಹಾಸಿಗೆ. ರಟ್ಟೀಹಳ್ಳಿಯಿಂದ ಬಂದವರು, ಸವಣೂರಿನಿಂದ ಬಂದವರು, ಅಗಳಿಯಾದ ಮೇಲೆ ಮಗಳ ಮನೆಗೆ ಹೋಗುವವರು, ನಾದಿನಿಯ ಮನೆಗೆ ಹೋಗುವವರು. ನೀಲಾಂಬಿಕಾ ಬಾಗಿಲು ಮುಂದೆ ಮಾಡಿದಳು. ಈರವ್ವ ಗಾಲಿ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡು ಸಾಲುಗಳ ನಡುವಿನ ದಾರಿಯಲ್ಲಿ ಕುರ್ಚಿ ನಿಲ್ಲಿಸಿ ಎಲ್ಲರನ್ನೂ ಒಮ್ಮೆ ನೋಡಿದಳು.

"ನಾ ಔಷಧ ಕೇಳಾಕ ಬಂದಿಲ್ಲ," ಅಂದಳು. "ಬಸ್ಸು ಹತ್ತೂ ಮುಂದ, ಬೀಗರ ಮನಿಗೆ ಹೋಗೂ ಮುಂದ, ಹೊಟ್ಟಿ ಹಿಡಿಯಾಕ ನುಂಗ್ತೀರಲ್ಲ, ಅದನ್ನ ಕೇಳಾಕ ಬಂದೇನಿ. ನಾನೂ ನುಂಗೀನಿ. ನುಂಗಿ ನಿನ್ನೆ ಸತ್ತು ಬಂದೇನಿ."

ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಕಿಟಕಿಯ ಹತ್ತಿರದವಳು ಸೆರಗನ್ನು ಬಾಯಿಗೆ ಹಿಡಿದು ಸಣ್ಣಗೆ ನಕ್ಕಳು.

ಈರವ್ವ ಕೈ ಮುಂದೆ ಚಾಚಿದಳು, ಅಂಗೈ ಮೇಲೆ ಮಾಡಿ, ಹಳೆಯ ರೂಢಿಯಲ್ಲಿ. "ತಗೀರಿ. ತಗೀರಿ ಲಗೂನ. ಮುಂದಿನ ಸ್ಟಾಪ್ ಬರಾಕ ಹತ್ತೈತಿ."

ಮೊದಲು ಸವಣೂರಿನ ಮುಮ್ತಾಜಬಿ ದಿಂಬಿನ ಕೆಳಗೆ ಕೈ ಹಾಕಿದಳು. ಅವಳ ಪಟ್ಟಿಯಲ್ಲಿ ಎರಡು ಗೂಡು ಖಾಲಿಯಿತ್ತು. ಆಮೇಲೆ ಕಿಟಕಿಯ ಹತ್ತಿರದವಳು ಸಂಚಿಯ ದಾರ ಬಿಚ್ಚಿದಳು. ಮೂರನೆಯವಳು ಕುಪ್ಪಸದೊಳಗಿನ ಸಣ್ಣ ಪರ್ಸನ್ನು ತೆಗೆದಳು. ಈರವ್ವ ಒಂದೊಂದನ್ನೂ ತೆಗೆದುಕೊಂಡು ಹಿಂದೆ ನಿಂತ ತಂಗಿಯ ಕೈಗೆ ಕೊಡುತ್ತ ಮುಂದಿನ ಹಾಸಿಗೆಗೆ ಸರಿಯುತ್ತಿದ್ದಳು. ನೀಲಾಂಬಿಕಾಳ ಅಂಗೈಯಲ್ಲಿ ಪಟ್ಟಿಗಳು ಸೇರುತ್ತಿದ್ದವು. ಮುಮ್ತಾಜಬಿಗೆ ಅಗಳಿ ಕೊಡುವುದು ಆ ಸಂಜೆಯೇ ಇತ್ತು.

ಕೊನೆಯ ಹಾಸಿಗೆಯನ್ನು ಮುಟ್ಟಿದ ಮೇಲೆ ಈರವ್ವ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ ತಂಗಿಯ ಪರ್ಸಿನತ್ತ ಗದ್ದ ಚಾಚಿದಳು. ಕೈ ಇನ್ನೂ ಚಾಚಿಯೇ ಇತ್ತು.

"ನಿಂದೂ ತಗಿ."

ನೀಲಾಂಬಿಕಾ ಪರ್ಸು ಬಿಚ್ಚಿ ತನ್ನ ಪಟ್ಟಿಯನ್ನು ಅಕ್ಕನ ಅಂಗೈಯ ಮೇಲಿಟ್ಟಳು. ಈರವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಡಿಲಿಗೆ ಹಾಕಿಕೊಂಡು, ಹಿಂದಕ್ಕೆ ಒರಗಿದಳು.

"ರೈಟ್," ಅಂದಳು.